ಒಳಪಟ್ಟಿ

ತಿಂಗಳ ಮೊದಲ ಭಾನುವಾರ ಮಣಿ ಹುರಿಯುವ ದಿನ.
ಅದಕ್ಕೇ ಬೇರೆ ಕಾವಲಿ, ಹಿಡಿಗೆ ಕೆಂಪು ದಾರ,
ಮರೆತು ಯಾರೂ ದೋಸೆ ಹುಯ್ಯದಿರಲಿ ಎಂದು.
ನೀರು ಕುಡಿದು ಗುಲಾಬಿಯಾದ ಸಿಲಿಕಾ ಮಣಿ
ಸಣ್ಣ ಉರಿಯಲ್ಲಿ ಸಬ್ಬಕ್ಕಿಯ ಹಾಗೆ ಹೊರಳಿ
ನೇರಳೆಗೆ ತಿರುಗಿ, ಆಮೇಲೆ ನೀಲಿ.
ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಬ್ಯೂರೆಟ್ ತೊಳೆದವಳಿಗೆ
ಬಣ್ಣ ತಿರುಗುವ ಗಳಿಗೆಯನ್ನು ಕಾಯುವುದು
ಯಾರೂ ಕಲಿಸಬೇಕಿಲ್ಲ.

ಮರ್ಫಿ ಟೌನಿನ ಈ ಮೊದಲ ಮಹಡಿ:
ಒಂದು ಕಿಟಕಿಗೆ ಹಲಸೂರು ಕೆರೆಯ ಕಡೆಯ ಗಾಳಿ,
ಇನ್ನೊಂದಕ್ಕೆ ರಸ್ತೆ ಅಗೆಯುವವರ ಧೂಳು.
ನಡುವೆ ಗಾದ್ರೆಜ್ ಬೀರು.
ಬೀರುವಿನೊಳಗೆ ತಲೆಯಿಲ್ಲದ ಏಳು ಟೋಪಿ.
ಒಂದು ಫೆಲ್ಟಿನದು, ಅಂಚು ಒಂದೇ ಕಡೆ ಮೇಲಕ್ಕೆ ಮಡಚಿದ್ದು.
ಇನ್ನೊಂದು ನನ್ನ ಕೈಗೆ ಬರುವ ಮೊದಲೇ ನುಸಿ ತಿಂದು ಜರಡಿ.
ಒಬ್ಬ ಸವಾರನ ಮುಂಡಾಸು, ಬಿಚ್ಚಿದರೆ ಎಂಟು ಗಜವಂತೆ,
ಬಿಚ್ಚಿಲ್ಲ; ಮಡಿಕೆಗಳು ಕಟ್ಟಿದವನ ಕೈಯವು.
ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಅನ್ನುತ್ತೇವಲ್ಲ,
ಇದರ ಮೇಲೆ ಒಂದು ಗೀರೂ ಇಲ್ಲ.

ಆಮೇಲೆ ಆ ಬೆಂಡಿನ ಟೋಪಿ.
ಸಂಡೆ ಬಜಾರಿನಲ್ಲಿ, ಜಬೀವುಲ್ಲಾ ಸಾಹೇಬರ ತಾಡಪಾಲಿನ ಮೇಲೆ,
ತುಕ್ಕು ಹಿಡಿದ ನಟ್ಟು ಬೋಲ್ಟು ತುಂಬಿಕೊಂಡು ಕೂತಿತ್ತು.
"ಟೋಪಿ ಹಾಕ್ತಿಲ್ಲಮ್ಮಾ, ಮಾರ್ತಿದೀನಿ" ಅಂದರು.
ಇನ್ನೂರೈವತ್ತು. ನಟ್ಟು ಬೋಲ್ಟು ವಾಪಸ್ಸು.

ಬೆಂಡು ನೀರಲ್ಲಿ ನಿಂತು ಬೆಳೆದ ಗಿಡ,
ನೀರಿನ ನೆನಪು ಬಿಟ್ಟಿಲ್ಲ.
ಜುಲೈ ಬಂತೋ, ಉಬ್ಬುತ್ತದೆ. ಮಾರ್ಚಿಗೆ ಬಿರಿಯುತ್ತದೆ.
ಆದ್ದರಿಂದ ತೇವದ ಮುಳ್ಳು ಐವತ್ತರಲ್ಲಿ ನಿಲ್ಲಬೇಕು,
ಅರವತ್ತೈದು ದಾಟಿತೋ, ಬೂಷ್ಟು.
ಧೂಳಿಗೆ ಆಡಿನ ಕೂದಲ ಕುಂಚ, ಒಣಗಿದ್ದು,
ಮೇಲಿನಿಂದ ಕೆಳಗೆ, ಉಸಿರು ಬಿಗಿಹಿಡಿದು.
ಪಕ್ಕದ ಮನೆಯ ಫಿಲೋಮಿನಾ ಇಣುಕಿ ಕೇಳುತ್ತಾಳೆ:
"ಏನ್ ಮಿಸ್, ಹೇನು ನೋಡ್ತಿದೀರಾ?"
ಒಳಗೆ ಪೇಪರು ತುರುಕಬಾರದು, ಹುಳಿ ಹತ್ತುತ್ತದೆ.
ಪ್ಲಾಸ್ಟಿಕ್ ಚೀಲ ಬೇಡವೇ ಬೇಡ,
ಒಳಗೊಳಗೇ ಬೆವರುತ್ತದೆ.

ಇಷ್ಟು ಮಾಡಿಯೂ ಆ ಟೋಪಿಗೆ
ಹಣೆ ತಾಗುವ ಚರ್ಮದ ಒಳಪಟ್ಟಿಯಲ್ಲಿ ಒದ್ದೆ.
ಮುಟ್ಟಿದರೆ ತಣ್ಣಗೆ ಅಂಟು.
ಮೊದಲ ವರ್ಷ ಮಣಿ ಹೆಚ್ಚಿಸಿದೆ.
ಎರಡನೆಯ ವರ್ಷ ಬೀರುವನ್ನೇ ಗೋಡೆಯಿಂದ ಎಳೆದೆ.
ಮೂರನೆಯ ಮಳೆಗಾಲ, ಕರೆಂಟು ಹೋದ ರಾತ್ರಿ,
ಟಾರ್ಚಿನ ಓರೆ ಬೆಳಕಿಗೆ ಕಂಡಿತು:
ಪಟ್ಟಿಯುದ್ದಕ್ಕೂ ಬಿಳಿ ಗೆರೆ, ಹರಳು ಹರಳು.
ಉಪ್ಪು.

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಅಜ್ಜಿ ಕಳ್ಳರಿಗೆ ಹೇಳುತ್ತಿದ್ದ ಮಾತು.
ಈತ ಯಾರ ಉಪ್ಪು ತಿಂದನೋ,
ಯಾವ ಬಿಸಿಲಲ್ಲಿ ಅದನ್ನು ಹಣೆಯಿಂದ ವಾಪಸ್ಸು ಕೊಟ್ಟನೋ,
ಕುಡಿಯುತ್ತಿರುವುದು ಮಾತ್ರ ನಮ್ಮ ಹಲಸೂರಿನ ಗಾಳಿಯ ನೀರು,
ಪ್ರತಿ ಜುಲೈ, ದಾಹ ಹಿಂಗದೆ.

ರಿಚರ್ಡ್ಸ್ ಟೌನಿನ ಚೆಂಗಪ್ಪನವರು ಕೊಳ್ಳಲು ಬಂದು
"ಪಟ್ಟಿ ಬಿಚ್ಚಿ ಹೊಸದು ಹೊಲಿಸಿ, ಮೂರು ಪಟ್ಟು ಕೊಡ್ತೀನಿ" ಅಂದರು.
ಕತ್ತರಿ ತೆಗೆದದ್ದೂ ನಿಜ.
ಹೊಲಿಗೆಗೆಂದು ಪಟ್ಟಿ ಮಗುಚಿದರೆ ಹಿಂದೆ
ನೇರಳೆ ಪೆನ್ಸಿಲಿನಲ್ಲಿ ಒಂದು ಅಳತೆ: ಆರೂವರೆ.
ಹೆಸರಿಲ್ಲ, ನಂಬರಿಲ್ಲ.
ಟೇಪು ತಂದು ನನ್ನ ತಲೆ ಅಳೆದೆ. ಫಿಲೋಮಿನಾಳದೂ.
ಸರಿಹೋದದ್ದು ಅವಳ ಮಗ ನೆಲ್ಸನ್ನನ ತಲೆಗೆ,
ಏಳನೇ ಕ್ಲಾಸು, ಟೇಪು ಸುತ್ತಿದ್ದಕ್ಕೆ ಕಚಗುಳಿಯಾಗಿ ನಕ್ಕ.
ಸಣ್ಣ ತಲೆಯ ದೊಡ್ಡ ಗಂಡಸೂ ಇದ್ದಿರಬಹುದು.
ಇದ್ದಿರಲಿ.

ಕತ್ತರಿಯನ್ನು ಡಬ್ಬಿಗೆ ಹಾಕಿದೆ.
ಈಗ ಮಣಿ ಆರಿದ ಮೇಲೆ ಬಟ್ಟೆಚೀಲಕ್ಕೆ ತುಂಬಿ
ಖಾನೆ ಖಾನೆಗೂ ಇಡುವಾಗ
ಆ ಒಂದು ಖಾನೆಗೆ ಒಂದು ಹಿಡಿ ಕಡಿಮೆ.
ತಪ್ಪು, ಗೊತ್ತು.
ಲ್ಯಾಬಿನಲ್ಲಾಗಿದ್ದರೆ ಬೈಸಿಕೊಳ್ಳುತ್ತಿದ್ದೆ.
ಮುಳ್ಳು ಐವತ್ತೆರಡು ತೋರಿಸುತ್ತದೆ.
ಆ ಎರಡು ಅವನದು.
ಕುಡಿಯಲಿ.